ನಿಂಬೆ, ಕಿತ್ತಳೆ ಬೀಜದ ಬಹುಭ್ರೂಣತೆ: ತಾಯಿಮರದ ತದ್ರೂಪಿ ಸಸಿ ಬೆಳೆಸಲು ಸಮಗ್ರ ಮಾರ್ಗದರ್ಶಿ

ರಂಗಪುರ ನಿಂಬೆಯ ನೂರು ಬೀಜ ಬಿತ್ತಿದರೆ ನೂರಕ್ಕಿಂತ ಹೆಚ್ಚು ಸಸಿ ಏಳಬಹುದು. ಒಂದೇ ಬೀಜದಿಂದ ಎರಡು, ಅಪರೂಪಕ್ಕೆ ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ತದ್ರೂಪಿಗಳು. ಬೀಜದಿಂದ ಹುಟ್ಟಿದ್ದರೂ ಅವುಗಳಲ್ಲಿ ತಂದೆಮರದ ಅಂಶ ಇರುವುದಿಲ್ಲ. ಆದರೆ ಅವುಗಳ ನಡುವೆ ಕೆಲವು ಬೆರಕೆ ಸಸಿಗಳೂ ಸೇರಿರುತ್ತವೆ. ತದ್ರೂಪಿ ಮಾಡುವ ಕೆಲಸವನ್ನು ಬೀಜವೇ ಮಾಡಿಕೊಳ್ಳುತ್ತದೆ. ಬೆರಕೆಯನ್ನು ಗುರುತಿಸಿ ಕಿತ್ತೆಸೆಯುವುದು ಮಾತ್ರ ಸಸಿ ಬೆಳೆಸುವವರ ಪಾಲಿನದು. ಬಹಳಷ್ಟು ನರ್ಸರಿಗಳಲ್ಲಿ ಕೈಬಿಟ್ಟುಹೋಗುವ ಕೆಲಸವೂ ಅದೇ.

ಬೀಜದೊಳಗೆ ಆಗುವುದೇನು

ಹೂವಿನ ಅಂಡಾಶಯದಲ್ಲಿ ಅಂಡಕಗಳಿರುತ್ತವೆ. ಒಂದೊಂದು ಅಂಡಕವೂ ಮುಂದೆ ಒಂದೊಂದು ಬೀಜವಾಗುತ್ತದೆ. ಅಂಡಕದ ಒಳಗೆ ಭ್ರೂಣಚೀಲ, ಅದನ್ನು ಸುತ್ತುವರಿದು ನ್ಯೂಸೆಲ್ಲಸ್ ಎಂಬ ಅಂಗಾಂಶ. ನ್ಯೂಸೆಲ್ಲಸ್ ಪೂರ್ತಿಯಾಗಿ ತಾಯಿಯದೇ ದೇಹ, ಎಲೆ ತೊಗಟೆಗಳ ಕೋಶದಲ್ಲಿರುವ ವರ್ಣತಂತುಗಳೇ ಅಲ್ಲೂ ಇರುತ್ತವೆ. ಪರಾಗಸ್ಪರ್ಶವಾಗಿ ಅಂಡಾಣುವಿನ ಜೊತೆ ಗಂಡು ಲಿಂಗಾಣು ಸೇರಿದಾಗ ಹುಟ್ಟುವ ಭ್ರೂಣ ಒಂದೇ, ಬೆರಕೆ ಭ್ರೂಣ ಎಂದರೆ ಇದೇ. ಬಹುಭ್ರೂಣ ಜಾತಿಗಳಲ್ಲಿ ಇದರ ಜೊತೆಗೆ ನ್ಯೂಸೆಲ್ಲಸ್‌ನ ಕೆಲವು ಕೋಶಗಳು ತಾವೇ ಒಡೆದು, ಬೆಳೆದು, ಭ್ರೂಣಚೀಲದೊಳಕ್ಕೆ ಚಾಚಿಕೊಂಡು ಭ್ರೂಣಗಳಾಗುತ್ತವೆ. ಇಂಥ ಕೋಶಗಳು ಪರಾಗನಾಳ ಒಳಬರುವ ತುದಿಯ ಕಡೆ ಹೆಚ್ಚು. ಅಲ್ಲೇ ಇರುವ ಬೆರಕೆ ಭ್ರೂಣವನ್ನು ಅವು ಒತ್ತರಿಸಿ ಹಿಂದಕ್ಕೆ ತಳ್ಳುತ್ತವೆ. ಬೆರಕೆ ಭ್ರೂಣ ಬೆಳೆಯಲು ಶುರುಮಾಡುವುದೂ ನಿಧಾನ. ಎಷ್ಟೋ ಬೀಜಗಳಲ್ಲಿ ಅದು ಅಲ್ಲೇ ಸೊರಗಿ ಸಾಯುತ್ತದೆ.

ಇಷ್ಟೆಲ್ಲ ತಾಯಿಯೊಂದರಿಂದಲೇ ಆಗುವುದಾದರೆ ಪರಾಗ ಏಕೆ ಬೇಕು ಎಂದು ಕೇಳಬಹುದು. ನ್ಯೂಸೆಲ್ಲಸ್ ಭ್ರೂಣಗಳಿಗೂ ಹೊಟ್ಟೆಗೆ ಬೇಕು. ಅವು ಉಣ್ಣುವ ಭ್ರೂಣಾಹಾರ ತಯಾರಾಗುವುದು ಸಾಮಾನ್ಯವಾಗಿ ನಿಷೇಚನೆಯ ನಂತರವೇ. ಹಾಗಾಗಿ ಪರಾಗಸ್ಪರ್ಶವಾಗದ ಹೂವಿನಿಂದ ತದ್ರೂಪಿ ಬೀಜವನ್ನು ನಿರೀಕ್ಷಿಸುವಂತಿಲ್ಲ.

ಕಿತ್ತಳೆ ಬೀಜದಲ್ಲಿ ಎರಡು ಭ್ರೂಣ ಇರುವುದನ್ನು ಡಚ್ ಸೂಕ್ಷ್ಮದರ್ಶಕ ತಜ್ಞ ಲೇವೆನ್‌ಹುಕ್ 1719ರಲ್ಲೇ ದಾಖಲಿಸಿದ್ದ. ಹೆಚ್ಚುವರಿ ಭ್ರೂಣಗಳು ನ್ಯೂಸೆಲ್ಲಸ್‌ನಿಂದ ಬರುತ್ತವೆ ಎಂದು ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ ತೋರಿಸಿದ್ದು 1878ರಲ್ಲಿ. ಇದರ ಹಿಂದಿರುವ ಜೀನ್‌ನ ಸುಳಿವು ಸಿಕ್ಕಿದ್ದು ತೀರಾ ಈಚೆಗೆ. ಸಿಟ್‌ಆರ್‌ಡಬ್ಲ್ಯುಪಿ ಎಂಬ ಜೀನ್‌ನ ಮುಂಭಾಗದಲ್ಲಿ ಒಂದು ಪುಟ್ಟ ಡಿಎನ್‌ಎ ತುಣುಕು ಬಂದು ಸೇರಿರುವ ಗಿಡಗಳೇ ಬಹುಭ್ರೂಣದವು ಎಂದು 2017ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದರು. ಈ ಗುಣ ಪ್ರಬಲವಾದದ್ದು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಬಹುಭ್ರೂಣತೆ ಕಾಣಿಸಿಕೊಳ್ಳುತ್ತದೆ.

ಯಾವ ಜಾತಿಯ ಬೀಜವನ್ನು ನಂಬಬಹುದು

ಮೊದಲು ಇದು ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಚಕ್ಕೋತ, ಮಾದಲ ಮತ್ತು ಹೊರದೇಶದ ಕ್ಲೆಮೆಂಟೈನ್ ಏಕಭ್ರೂಣದವು. ಇವುಗಳ ಬೀಜದಿಂದ ಏಳುವ ಪ್ರತಿ ಸಸಿಯೂ ಬೆರಕೆ. ಭೌಗೋಳಿಕ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತದ ಒಳ್ಳೆಯ ಮರವೊಂದು ಕಣ್ಣಿಗೆ ಬಿದ್ದರೆ ಅದರ ಬೀಜ ಒಯ್ದು ಪ್ರಯೋಜನವಿಲ್ಲ. ಗೂಟಿ ಕಟ್ಟಬೇಕು (ಮರದಲ್ಲಿರುವ ಕೊಂಬೆಗೇ ಬೇರು ಬರಿಸಬೇಕು) ಇಲ್ಲವೇ ಕಣ್ಣು ಕಸಿ ಮಾಡಬೇಕು. ಬೀಜದಿಂದ ಎಬ್ಬಿಸಿದ ಚಕ್ಕೋತದ ಹಣ್ಣು ಕಹಿಯೋ ಸಿಹಿಯೋ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ರಂಗಪುರ ನಿಂಬೆ, ಜಂಬೇರಿ, ಮೂಸಂಬಿ, ಮೂರೆಲೆ ಕಿತ್ತಳೆ, ಟ್ರಾಯರ್ ಮತ್ತು ಕ್ಯಾರಿಜೊ ಸಿಟ್ರೇಂಜ್ (ಮೂರೆಲೆ ಕಿತ್ತಳೆಯ ಮಿಶ್ರತಳಿಗಳು) ಇವೆಲ್ಲ ಬಹುಭ್ರೂಣದವು, ಬಹುಪಾಲು ತದ್ರೂಪಿ ಸಸಿಗಳನ್ನೇ ಕೊಡುತ್ತವೆ. ಕಸಿಗೆ ಬುಡವಾಗಿ ರಂಗಪುರ ನಿಂಬೆಯನ್ನೂ ಜಂಬೇರಿಯನ್ನೂ ಬಳಸುವುದಕ್ಕೆ ಇದೂ ಒಂದು ಕಾರಣ. ಸಾವಿರ ಬುಡಗಳು ಒಂದೇ ತೆರನಾಗಿದ್ದರೆ ಮೇಲಿನ ತೋಟವೂ ಒಂದೇ ಸಮನಾಗಿ ಬೆಳೆಯುತ್ತದೆ.

ಕೊಡಗಿನ ಕಿತ್ತಳೆಯೂ ಬಹುಭ್ರೂಣದ್ದೇ. ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಬೀಜದ ಸಸಿಯನ್ನೇ ನೆಟ್ಟರೂ ಹಣ್ಣಿನ ಗುಣ ಹೆಚ್ಚು ಕೆಡದೆ ಉಳಿದಿರುವುದು ಅದರಿಂದಲೇ. ವಿಜಯಪುರದ ಇಂಡಿ ಕಡೆ ಬೆಳೆಯುವ ಕಾಗ್ಜಿ ನಿಂಬೆಯನ್ನೂ ಬೀಜದಿಂದಲೇ ಹೆಚ್ಚಾಗಿ ಎಬ್ಬಿಸುತ್ತಾರೆ. ಆದರೆ ಕಾಗ್ಜಿಯ ಬೀಜದಲ್ಲಿ ಭ್ರೂಣಗಳು ಕಡಿಮೆ, ಬೆರಕೆಯ ಪಾಲು ಜಂಬೇರಿಗಿಂತ ಹೆಚ್ಚು. ಕಾಗ್ಜಿ ಮಡಿಯಲ್ಲಿ ಸಸಿ ಆಯುವಾಗ ಕೈ ಬಿಗಿಯಾಗಿರಲಿ.

ಒಂದೇ ಜಾತಿಯಲ್ಲೂ ಮರದಿಂದ ಮರಕ್ಕೆ, ಊರಿನಿಂದ ಊರಿಗೆ, ಯಾವ ಪರಾಗ ಬಂತು ಎನ್ನುವುದರ ಮೇಲೆ ಭ್ರೂಣಗಳ ಸಂಖ್ಯೆ ಬದಲಾಗುತ್ತದೆ. ಪುಸ್ತಕದ ಅಂಕಿಗಿಂತ ನಿಮ್ಮ ಮರದ ಬೀಜವನ್ನು ಬಿಡಿಸಿ ನೋಡುವುದು ಲೇಸು.

ಭ್ರೂಣ ಎಣಿಸುವುದು

1. ಒಂದೇ ಮರದ ಐದಾರು ಹಣ್ಣುಗಳಿಂದ ಕಲೆಹಾಕಿದ 25 ಬೀಜಗಳನ್ನು ತೊಳೆದು ಒಂದು ದಿನ ನೀರಲ್ಲಿ ನೆನೆಹಾಕಿ.

2. ಬೀಜದ ಚೂಪು ತುದಿಯಲ್ಲಿ ಬೆರಳುಗುರಿನಿಂದಲೋ ಸಣ್ಣ ಚಿಮುಟದಿಂದಲೋ ಹೊರಗಿನ ಬಿಳಿ ಗಟ್ಟಿ ಸಿಪ್ಪೆಯನ್ನು ಎಬ್ಬಿಸಿ ಸುಲಿಯಿರಿ. ಅದರೊಳಗೆ ಕಂದು ಬಣ್ಣದ ತೆಳು ಪೊರೆಯಿದೆ, ಅದನ್ನೂ ತೆಗೆಯಿರಿ.

3. ಒಳಗಿನ ತಿರುಳನ್ನು ತಟ್ಟೆಯಲ್ಲಿಟ್ಟು ಸೂಜಿಯ ತುದಿಯಿಂದ ಮೆಲ್ಲಗೆ ಬಿಡಿಸಿ. ಏಕಭ್ರೂಣದ ಬೀಜ ಕಡಲೆಯ ಹಾಗೆ ಎರಡು ಸಮ ಬೇಳೆಗಳಾಗಿ ಒಡೆಯುತ್ತದೆ. ಬಹುಭ್ರೂಣದ ಬೀಜದಲ್ಲಿ ದೊಡ್ಡದು, ಚಿಕ್ಕದು, ಸೊಟ್ಟಗಿನದು ಎಂದು ಹಲವು ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಪ್ರತಿ ತುಂಡಿಗೂ ಒಂದು ಚೂಪು ಬೇರುತುದಿ ಇದೆಯೇ ನೋಡಿ. ಇದ್ದರೆ ಅದು ಭ್ರೂಣ, ಇಲ್ಲದಿದ್ದರೆ ಮುರಿದ ಬೇಳೆ. ಚೂಪು ತುದಿಯ ಹತ್ತಿರ ಸಾಸಿವೆಗಿಂತ ಸಣ್ಣ ಭ್ರೂಣಗಳು ಅಡಗಿರುತ್ತವೆ, 10 ಪಟ್ಟು ದೊಡ್ಡದು ಮಾಡುವ ಮಸೂರ ಬೇಕಾಗುತ್ತದೆ.

4. ಎಷ್ಟು ಬೀಜದಲ್ಲಿ ಒಂದೇ ಭ್ರೂಣವಿದೆ ಎಂದು ಬರೆದಿಟ್ಟುಕೊಳ್ಳಿ. ಸರಾಸರಿ ಸಂಖ್ಯೆಗಿಂತ ಈ ಲೆಕ್ಕ ಉಪಯುಕ್ತ. ಒಂಟಿ ಭ್ರೂಣ ಬೆರಕೆಯೂ ಇರಬಹುದು, ತದ್ರೂಪಿಯೂ ಇರಬಹುದು; ಅಂಥ ಬೀಜಗಳು ಹೆಚ್ಚಿದ್ದಷ್ಟೂ ಮಡಿಯಲ್ಲಿ ಅನುಮಾನದ ಸಸಿಗಳು ಹೆಚ್ಚು.

ತುಂಡುಗಳ ಬಣ್ಣ ನೋಡಿ ಗಾಬರಿಯಾಗಬೇಡಿ. ಕಿತ್ತಳೆ ಬೀಜದ ಭ್ರೂಣ ಹಸಿರು, ಮೂಸಂಬಿಯದು ಬಿಳಿ, ಎರಡೂ ಸಹಜ. ಬಣ್ಣದಿಂದ ಬೆರಕೆ ಯಾವುದೆಂದು ಹೇಳಲಾಗದು, ಗಾತ್ರದಿಂದಲೂ ಆಗದು. ದೊಡ್ಡ ಭ್ರೂಣವೇ ತದ್ರೂಪಿ ಎಂಬ ಮಾತು ಪೂರ್ತಿ ನಿಜವಲ್ಲ.

ಎಂಟು ಭ್ರೂಣ ಎಣಿಸಿದ ಬೀಜದಿಂದ ಎಂಟು ಸಸಿ ಬರುವುದಿಲ್ಲ ಎನ್ನುವುದೂ ನೆನಪಿರಲಿ. ಆಹಾರ ಕೂಡಿಟ್ಟುಕೊಂಡ ಒಂದೆರಡೇ ಮಣ್ಣು ಸೀಳಿ ಮೇಲೆ ಬರುತ್ತವೆ.

ಹಣ್ಣು ಕೊಯ್ಯುವುದರಿಂದ ಬೀಜ ಸಿದ್ಧವಾಗುವವರೆಗೆ

ಆರೋಗ್ಯವಾಗಿರುವ, ಫಲ ಕೊಟ್ಟ ಇತಿಹಾಸವಿರುವ ಮರದಿಂದ ಪೂರ್ತಿ ಮಾಗಿದ ಹಣ್ಣನ್ನು ಮರದಿಂದಲೇ ಕೀಳಿ. ನೆಲಕ್ಕೆ ಬಿದ್ದ ಹಣ್ಣು ಬೇಡ. ಬೇರು ಕೊಳೆ ಮತ್ತು ಅಂಟು ಸೋರುವ ರೋಗ ತರುವ ಫೈಟಾಫ್ತೊರಾ ಮಣ್ಣಿನಿಂದ ಹಣ್ಣಿಗೆ, ಹಣ್ಣಿನಿಂದ ಬೀಜಕ್ಕೆ ದಾಟುತ್ತದೆ. ಸುತ್ತ ಬೇರೆ ಬೇರೆ ಜಾತಿಯ ನಿಂಬೆ ಕಿತ್ತಳೆ ಬೆರೆತಿರುವ ತೋಟಕ್ಕಿಂತ ಒಂದೇ ಜಾತಿಯ ಮರಗಳ ನಡುವಿನ ಮರ ಒಳ್ಳೆಯದು.

ಚಾಕುವಿನಿಂದ ಹಣ್ಣಿನ ನಡುವೆ ಸುತ್ತಲೂ ಅರ್ಧ ಸೆಂಟಿಮೀಟರ್ ಆಳ ಗೀರಿ, ಎರಡು ಹೋಳನ್ನು ತಿರುಚಿ ಬಿಡಿಸಿ. ಈಚಿಂದಾಚೆಗೆ ಪೂರ್ತಿ ಕತ್ತರಿಸಿದರೆ ಬೀಜಗಳೂ ತುಂಡಾಗುತ್ತವೆ. ಬೀಜದ ಮೇಲಿನ ಲೋಳೆಯನ್ನು ಒಲೆಬೂದಿ ಹಾಕಿ ಉಜ್ಜಿ, ಮೂರು ನಾಲ್ಕು ಸಲ ತೊಳೆಯಿರಿ. ತೇಲುವ ಬೀಜ ಜೊಳ್ಳು, ಅದನ್ನು ಚೆಲ್ಲಿ.

ಬಿಸಿನೀರಿನ ಉಪಚಾರವನ್ನು ತಪ್ಪಿಸಬೇಡಿ. ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ ಮುಳುಗಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಬೀಜ ಹಾಕಿದೊಡನೆ ನೀರಿನ ಬಿಸಿ ಇಳಿಯುತ್ತದೆ. ಹಾಗಾಗಿ ಒಂದು ಕಿಲೋ ಬೀಜಕ್ಕೆ ಕನಿಷ್ಠ 10 ಲೀಟರ್ ನೀರಿರಲಿ, ಪಕ್ಕದಲ್ಲಿ ಕುದಿನೀರು ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಸೇರಿಸುತ್ತಿರಿ. ಥರ್ಮಾಮೀಟರ್ ಬೇಕೇ ಬೇಕು. ಬಿಸಿ ಇಳಿದರೆ ರೋಗಾಣು ಉಳಿಯುತ್ತದೆ, ಏರಿದರೆ ಭ್ರೂಣ ಬೇಯುತ್ತದೆ. ಕೈ ಅದ್ದಿ ಅಂದಾಜು ಮಾಡುವ ಕೆಲಸ ಇದಲ್ಲ.

ಆಮೇಲೆ ನೆರಳಿನಲ್ಲಿ ಮೇಲ್ಪದರದ ನೀರು ಆರುವಷ್ಟು ಹರಡಿ. ಬಿಸಿಲಿಗೆ ಹಾಕಿದರೆ ಬೀಜ ಸಾಯುತ್ತದೆ. ರಾಗಿ, ಹುರುಳಿಯಂತೆ ಗರಿಗರಿ ಒಣಗಿಸಿ ಡಬ್ಬಕ್ಕೆ ತುಂಬುವ ಬೀಜ ಇದಲ್ಲ. ಒಳಗಿನ ತೇವ ಹೋದರೆ ಭ್ರೂಣವೂ ಹೋಯಿತು. ಕೂಡಲೇ ಬಿತ್ತಲು ಆಗದಿದ್ದರೆ ಕಿಲೋಗೆ 3 ಗ್ರಾಂ ಥೈರಮ್ ಎಂಬ ಶಿಲೀಂಧ್ರನಾಶಕ ಸವರಿ, ಪಾಲಿಥೀನ್ ಚೀಲದಲ್ಲಿ ಕಟ್ಟಿ ಫ್ರಿಜ್‌ನ ಕೆಳಭಾಗದಲ್ಲಿ 4ರಿಂದ 5 ಡಿಗ್ರಿಯಲ್ಲಿ ಇಡಿ. ಫ್ರೀಜರ್‌ನಲ್ಲಿ ಬೇಡ.

ಬಿತ್ತನೆ

ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಒಂದು ಪಾಲು ಬೆರೆಸಿದರೆ ಟ್ರೇಗೆ ಸಾಕು. ನೆಲದ ಮಡಿಯಾದರೆ ಬೇಸಿಗೆಯಲ್ಲಿ ತೇವ ಮಾಡಿ, 4ರಿಂದ 6 ವಾರ ಪಾರದರ್ಶಕ ಪಾಲಿಥೀನ್ ಹೊದಿಸಿ ಬಿಸಿಲಿಗೆ ಕಾಯಿಸಿ. ಮಿಶ್ರಣಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕುವವರು ಬೀಜಕ್ಕೆ ಥೈರಮ್ ಸವರಬಾರದು. ಶಿಲೀಂಧ್ರನಾಶಕ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಬೀಜವನ್ನು ಅಡ್ಡಲಾಗಿ, ಒಂದೂವರೆ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಮಡಿಯಲ್ಲಿ ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಬೀಜದಿಂದ ಬೀಜಕ್ಕೆ 3 ಸೆಂಟಿಮೀಟರ್ ಅಂತರವಿರಲಿ. ಇನ್ನೂ ಒತ್ತಾಗಿ ಬಿತ್ತಿದರೆ ಯಾವ ಸಸಿ ಯಾವ ಬೀಜದ್ದು ಎನ್ನುವುದೇ ಗೊತ್ತಾಗುವುದಿಲ್ಲ, ಆಯುವ ಕೆಲಸ ಕೆಡುತ್ತದೆ. ನೂರು ಒಳ್ಳೆಯ ಸಸಿ ಬೇಕಾದರೆ ನೂರೈವತ್ತು ಬೀಜ ಹಾಕಿ. ಜಿಪುಣತನ ಮಾಡಿ ಕಡಿಮೆ ಬಿತ್ತಿದವರಿಗೆ ಮುಂದೆ ಸಸಿ ಕೀಳಲು ಮನಸ್ಸು ಬಾರದು.

25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಮೂರು ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ. ಹೊರಸಿಪ್ಪೆ ಸುಲಿದು ಬಿತ್ತಿದರೆ ಎರಡೇ ವಾರ ಸಾಕಾಗಬಹುದು. ಸ್ವಲ್ಪವೇ ಬೀಜ ಇದ್ದಾಗ ಸುಲಿಯುವುದು ಒಳ್ಳೆಯದು, ಕಿಲೋಗಟ್ಟಲೆ ಇದ್ದರೆ ಅಷ್ಟು ಕೂಲಿ ಗಿಟ್ಟದು.

ಈ ಹಂತದಲ್ಲಿ ಬರುವ ತೊಂದರೆಗಳು ಮುಖ್ಯವಾಗಿ ಎರಡು. ನೆಲಮಟ್ಟದಲ್ಲಿ ಕಾಂಡ ಕರಗಿ ಸಸಿ ಮಗುಚಿ ಬಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ನೀರು ಕಡಿಮೆ ಮಾಡಿ, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಬುಡಕ್ಕೆ ಸುರಿಯಿರಿ. ಇನ್ನೊಂದು, ಹಾಲಿನಂತೆ ಬಿಳುಪಾಗಿ ಹುಟ್ಟುವ ಸಸಿಗಳು. ಇದನ್ನು ಬೆರಕೆಯ ಲಕ್ಷಣ ಎಂದುಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಬೀಜದ ಸಿಪ್ಪೆಯ ಮೇಲೆ ಬೆಳೆಯುವ ಬೂಷ್ಟಿನ ವಿಷ ಇದಕ್ಕೆ ಕಾರಣ. ಬೀಜೋಪಚಾರ ಸರಿಯಾಗಿದ್ದರೆ ಬಿಳಿ ಸಸಿಗಳು ತಾವೇ ಕಡಿಮೆಯಾಗುತ್ತವೆ. ಹುಟ್ಟಿದವು ಹೇಗೂ ಬದುಕುವುದಿಲ್ಲ, ತೆಗೆದುಬಿಡಿ.

ಅವಳಿ ಸಸಿ ಬಿಡಿಸುವುದು

ಒಂದೇ ಬೀಜದಿಂದ ಎದ್ದ ಸಸಿಗಳನ್ನು ಎರಡು ಮೂರು ನಿಜ ಎಲೆ ಬಂದಾಗಲೇ ಬೇರ್ಪಡಿಸಬೇಕು. ತಡವಾದರೆ ಬೇರುಗಳು ಹೆಣೆದುಕೊಂಡು, ಬಿಡಿಸುವಾಗ ಎರಡೂ ಹಾಳಾಗುತ್ತವೆ. ಒಂದನ್ನು ಹಿಡಿದೆಳೆದು ಕೀಳಬೇಡಿ. ಮಡಿಯನ್ನು ಚೆನ್ನಾಗಿ ನೆನೆಸಿ, ಚಪ್ಪಟೆ ಕಡ್ಡಿಯಿಂದ ಮಣ್ಣುಸಮೇತ ಗುಂಪನ್ನು ಎತ್ತಿ, ನೀರಿನ ಬಟ್ಟಲಲ್ಲಿ ಅದ್ದಿ ಅಲುಗಾಡಿಸಿದರೆ ಬೇರುಗಳು ಬಿಚ್ಚಿಕೊಳ್ಳುತ್ತವೆ. ಕಸಿಬುಡಕ್ಕಾಗಿ ಬೆಳೆಸುವವರು ಗುಂಪಿನಲ್ಲಿ ಗಟ್ಟಿಯಾಗಿರುವ ಒಂದನ್ನೇ ಇಟ್ಟುಕೊಂಡು ಉಳಿದವನ್ನು ಬಿಡುವುದು ಲೇಸು. ಎಲ್ಲವನ್ನೂ ಉಳಿಸಿಕೊಳ್ಳುವುದಾದರೆ 3ಎ, 3ಬಿ ಎಂದು ಚೀಟಿ ಕಟ್ಟಿ. ಅಕ್ಕಪಕ್ಕ ಬೆಳೆದಾಗ ಒಂದೇ ಬೀಜದ ಎರಡು ಸಸಿಗಳು ಬೇರೆ ಬೇರೆಯಾಗಿ ಕಂಡರೆ ಒಂದು ಬೆರಕೆ ಇರಬಹುದೆಂದು ಸುಳಿವು ಸಿಗುತ್ತದೆ.

ಬೇರನ್ನು ಈಗಲೇ ನೋಡಿ. ತಾಯಿಬೇರು ಕೊಕ್ಕೆಯಂತೆ ಬಾಗಿದ್ದರೆ ಸಸಿ ಎಷ್ಟೇ ಚೆನ್ನಾಗಿರಲಿ, ಎಸೆಯಿರಿ. ನೆಟ್ಟ ಮೇಲೆ ಅದು ನೆಟ್ಟಗಾಗುವುದಿಲ್ಲ, ಮರ ದೊಡ್ಡದಾದಾಗ ಗಾಳಿಗೆ ವಾಲುತ್ತದೆ.

ಬೆರಕೆ ಆಯುವುದು

ಸಸಿ ಸಾಲನ್ನು ಒಂದು ತುದಿಯಲ್ಲಿ ನಿಂತು ನೋಡಿ. ತದ್ರೂಪಿಗಳು ಒಂದೇ ಎತ್ತರ, ಒಂದೇ ಎಲೆ, ಒಂದೇ ಬಣ್ಣದವಾಗಿ ಕಾಣುತ್ತವೆ. ಬೆರಕೆಯನ್ನು ಹಿಡಿಯುವ ದಾರಿಯೇ ಅದು: ಸಾಲಿಗಿಂತ ಭಿನ್ನವಾದದ್ದು ಯಾವುದು? ಸಸಿಯನ್ನು ತಾಯಿಮರಕ್ಕೆ ಹೋಲಿಸಬೇಡಿ, ಅಕ್ಕಪಕ್ಕದ ಸಸಿಗೆ ಹೋಲಿಸಿ. ತದ್ರೂಪಿಯಾದರೂ ಎಳೆಯ ಸಸಿಗೆ ಬಾಲ್ಯದ ಗುಣಗಳಿವೆ. ಮುಳ್ಳು ಉದ್ದ, ಬೆಳವಣಿಗೆ ನೆಟ್ಟಗೆ, ಎಲೆಯ ಆಕಾರವೂ ಒಂದಿಷ್ಟು ಬೇರೆ. ತಾಯಿಗೆ ಮುಳ್ಳೇ ಇಲ್ಲ, ಇದಕ್ಕೆ ಇಷ್ಟುದ್ದ ಮುಳ್ಳಿದೆ ಎಂದು ತದ್ರೂಪಿಗಳನ್ನೇ ಕಿತ್ತೆಸೆಯುವ ಅಪಾಯವಿದೆ.

ಎರಡು ಸಲ ಆಯಬೇಕು. ಮೊದಲನೆಯದು ಮಡಿಯಿಂದ ಚೀಲಕ್ಕೆ ಬದಲಿಸುವಾಗ, ಸಸಿಗೆ ಐದಾರು ಎಲೆ ಬಂದ ಹೊತ್ತಿನಲ್ಲಿ. ತೀರಾ ಕುಳ್ಳಗಿನವು, ಸೊಟ್ಟ ಕಾಂಡದವು, ಎಲ್ಲಕ್ಕಿಂತ ಎತ್ತರಕ್ಕೆ ಚಿಮ್ಮಿದವು ಹೊರಗೆ ಹೋಗಲಿ. ಕುಳ್ಳ ಸಸಿಗಳಲ್ಲಿ ಕೆಲವು ತದ್ರೂಪಿಗಳೇ ಇರಬಹುದು, ಕಿಕ್ಕಿರಿದ ಬೀಜದಲ್ಲಿ ಹೊಟ್ಟೆಗಿಲ್ಲದೆ ಸೊರಗಿದ ಭ್ರೂಣದವು. ಹೋದರೂ ನಷ್ಟವಿಲ್ಲ, ಬುಡವಾಗಲು ಅವು ಹಿಂದೆ ಬೀಳುತ್ತವೆ. ಎತ್ತರಕ್ಕೆ ಚಿಮ್ಮಿದ್ದನ್ನು ಕೀಳಲು ಕೈ ಹಿಂಜರಿಯುತ್ತದೆ. ಎಲ್ಲರಿಗಿಂತ ಚೆನ್ನಾಗಿ ಬೆಳೆದಿದೆಯಲ್ಲ ಎನಿಸುತ್ತದೆ. ಆದರೆ ಸಂಕರದ ಹುರುಪೂ ಹಾಗೆಯೇ ಕಾಣುವುದು.

ಎರಡನೆಯ ಸಲ ಕಸಿ ಕಟ್ಟುವ ತಿಂಗಳು ಮುಂಚೆ. ಈಗ ಎತ್ತರಕ್ಕಿಂತ ವಿವರ ನೋಡಿ: ಎಲೆತೊಟ್ಟಿನ ಇಬ್ಬದಿಯ ರೆಕ್ಕೆಯಂಥ ಅಂಚು ಎಷ್ಟು ಅಗಲ, ಎಲೆಯ ಅಂಚು ಹಲ್ಲುಹಲ್ಲಾಗಿದೆಯೇ, ಗೆಣ್ಣಿನ ಅಂತರ ಎಷ್ಟು, ಚಿಗುರಿನ ಬಣ್ಣ ಹಸಿರೋ ನಸುಕೆಂಪೋ. ಅನುಮಾನ ಬಂದ ಗಿಡದ ಎಲೆಯನ್ನೂ ಪಕ್ಕದ ಗಿಡದ ಎಲೆಯನ್ನೂ ಒಂದೊಂದು ಕೈಯಲ್ಲಿ ಹೊಸಕಿ ಮೂಸಿ ನೋಡಿ. ರಂಗಪುರ ನಿಂಬೆ ಎಲೆಯ ವಾಸನೆಗೂ ಮೂಸಂಬಿ ಬೆರೆತ ಸಸಿಯ ವಾಸನೆಗೂ ವ್ಯತ್ಯಾಸ ಇರುತ್ತದೆ, ಮೂಗು ಪಳಗಿದವರು ತಕ್ಷಣ ಹೇಳುತ್ತಾರೆ.

ಮೂರೆಲೆ ಕಿತ್ತಳೆ ಸಿಗುವ ಕಡೆ ಇನ್ನೂ ಖಚಿತವಾದ ಪರೀಕ್ಷೆಯಿದೆ. ಮೂರೆಲೆಯ ಗುಣ ಪ್ರಬಲ. ರಂಗಪುರ ನಿಂಬೆಯ ಮೊಗ್ಗು ಬಿರಿಯುವ ಹಿಂದಿನ ದಿನ ಅದರ ಕೇಸರಗಳನ್ನು ಕಿತ್ತು, ಮೂರೆಲೆ ಕಿತ್ತಳೆಯ ಪರಾಗವನ್ನು ಶಲಾಕಾಗ್ರಕ್ಕೆ ಸವರಿ, ಬೆಣ್ಣೆ ಕಾಗದದ ಚೀಲ ಕಟ್ಟಿ. ಆ ಹಣ್ಣಿನ ಬೀಜಗಳಿಂದ ಬಂದ ಸಸಿಗಳಲ್ಲಿ ಮೂರು ದಳದ ಎಲೆ ತೋರುವುದೆಲ್ಲ ಬೆರಕೆ, ಒಂದೇ ದಳದ್ದು ತದ್ರೂಪಿ. ಮೊದಲ ಒಂದೆರಡು ಎಲೆ ನೋಡಿ ತೀರ್ಮಾನಿಸಬೇಡಿ, ಐದಾರು ಎಲೆ ಬರಲಿ. ನಿಮ್ಮ ತಾಯಿಮರ ನೂರಕ್ಕೆ ಎಷ್ಟು ಬೆರಕೆ ಕೊಡುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ.

ಕಣ್ಣಿನ ಆಯ್ಕೆಗೆ ಮಿತಿಯಿದೆ. ತಾಯಿಮರದ್ದೇ ಪರಾಗ ತಾಯಿಯ ಹೂವಿಗೆ ಬಿದ್ದು ಹುಟ್ಟಿದ ಬೆರಕೆ ಕೆಲವೊಮ್ಮೆ ಸಾಲಿನ ನಡುವೆ ತದ್ರೂಪಿಯಂತೆಯೇ ನಿಂತಿರುತ್ತದೆ. ಅದನ್ನು ಬೇರೆಮಾಡಲು ಪ್ರಯೋಗಾಲಯದ ಡಿಎನ್‌ಎ ಗುರುತು ಪರೀಕ್ಷೆಯೇ ಬೇಕು. ಮಾರಾಟದ ಸಸಿಗೆ ಅಷ್ಟು ದೂರ ಹೋಗುವುದಿಲ್ಲ. ಬೀಜಕ್ಕಾಗಿಯೇ ಇಡುವ ತಾಯಿಮರವಾದರೆ ಆ ಖರ್ಚು ಸಾರ್ಥಕ.

ಚೀಲದಿಂದ ತೋಟಕ್ಕೆ

ಆಯ್ದ ಸಸಿಗಳನ್ನು ಕನಿಷ್ಠ 10 ಇಂಚು ಆಳದ ಪಾಲಿಥೀನ್ ಚೀಲಕ್ಕೆ ಬದಲಿಸಿ. ಚಿಗುರಿಗೆ ರಂಗೋಲಿ ಹುಳುವೂ ನಿಂಬೆ ಚಿಟ್ಟೆಯ ಮರಿಹುಳುವೂ ಬರುತ್ತವೆ. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುಗಳನ್ನು ಕೈಯಲ್ಲೇ ಆರಿಸಿ. ಎಲೆ ಸಣ್ಣಗಾಗಿ ನರಗಳ ನಡುವೆ ಹಳದಿಯಾದರೆ ಸತುವಿನ ಕೊರತೆ: ಲೀಟರ್ ನೀರಿಗೆ 5 ಗ್ರಾಂ ಝಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ ಕಲಸಿ ಸಿಂಪಡಿಸಿ. ಕೊಳವೆಬಾವಿಯ ಗಡಸು ನೀರು ಬಳಸುವಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕಾಂಡ ಪೆನ್ಸಿಲ್ ದಪ್ಪವಾದಾಗ ಮಣ್ಣಿನಿಂದ 20 ಸೆಂಟಿಮೀಟರ್ ಮೇಲೆ ಟಿ ಆಕಾರದ ಕಣ್ಣು ಕಸಿ ಮಾಡಬಹುದು.

ಬೀಜದ ತದ್ರೂಪಿಯನ್ನೇ ನೇರವಾಗಿ ನೆಟ್ಟು ಹಣ್ಣು ತೆಗೆಯಬಹುದೇ? ತೆಗೆಯಬಹುದು, ಆದರೆ ಕಾಯಬೇಕು. ತಳಿಗುಣ ತಾಯಿಯದೇ ಆದರೂ ವಯಸ್ಸು ಸೊನ್ನೆಯಿಂದ ಶುರು. ಕಿತ್ತಳೆ ಸಸಿ ಫಲ ಕಚ್ಚಲು ಐದರಿಂದ ಎಂಟು ವರ್ಷ ಬೇಕು, ಅಲ್ಲಿಯವರೆಗೆ ಮುಳ್ಳಿನ ಕಾಟ. ಫಲ ಕೊಡುತ್ತಿರುವ ಮರದ ಕಣ್ಣು ತಂದು ಕಸಿ ಮಾಡಿದರೆ ಅದರ ಅರ್ಧದಷ್ಟು ಕಾಲದಲ್ಲಿ ಹಣ್ಣು.

ಹಾಗಿದ್ದರೂ ಬೀಜದ ದಾರಿಗೆ ಒಂದು ದೊಡ್ಡ ಲಾಭವಿದೆ. ತಾಯಿಮರದ ಸಾಗಣೆ ನಾಳಗಳಿಗೂ ಭ್ರೂಣಕ್ಕೂ ನೇರ ಸಂಪರ್ಕವಿಲ್ಲದ ಕಾರಣ ಟ್ರಿಸ್ಟೆಜಾದಂಥ ವೈರಸ್‌ಗಳು ಬೀಜದ ಸಸಿಗೆ ದಾಟುವುದಿಲ್ಲ. ಟ್ರಿಸ್ಟೆಜಾ ಮತ್ತು ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗದಿಂದ ಸೊರಗಿದ ಕೊಡಗಿನ ಕಿತ್ತಳೆ ತೋಟಗಳಿಗೆ ಈ ಮಾತು ಮುಖ್ಯ. ಹಳೆಯ ಒಳ್ಳೆಯ ಮರ ರೋಗಿಷ್ಟವಾಗಿದ್ದರೆ ಅದರ ಕಣ್ಣು ತಂದು ಕಸಿ ಮಾಡಿದರೆ ರೋಗವೂ ಜೊತೆಗೆ ಬರುತ್ತದೆ. ಅದರ ಬೀಜದಿಂದ ತದ್ರೂಪಿ ಎಬ್ಬಿಸಿ, ಅದು ಫಲ ಕೊಡುವವರೆಗೆ ಕೀಟಪರದೆಯೊಳಗೆ ಬೆಳೆಸಿ, ಹಣ್ಣು ತಾಯಿಯದೇ ಎಂದು ಖಾತ್ರಿಯಾದ ಮೇಲೆ ಕಸಿಕಡ್ಡಿಗೆ ಬಳಸಬೇಕು. ಪರದೆ ಏಕೆಂದರೆ, ಶುದ್ಧವಾಗಿ ಹುಟ್ಟಿದ ಸಸಿಗೂ ಸಸ್ಯಹೇನು ಟ್ರಿಸ್ಟೆಜಾವನ್ನು, ಸಿಲ್ಲಿಡ್ ಎಂಬ ರಸ ಹೀರುವ ಪುಟ್ಟ ಕೀಟ ಗ್ರೀನಿಂಗ್ ರೋಗವನ್ನು ಹೊರಗಿನಿಂದ ತಂದು ಅಂಟಿಸುತ್ತವೆ.

ಪ್ರತಿ ತಂಡಕ್ಕೂ ಒಂದು ಪುಟ ಇಟ್ಟುಕೊಳ್ಳಿ: ಯಾವ ಮರದ ಬೀಜ, ಬಿತ್ತಿದ್ದೆಷ್ಟು, ಎದ್ದದ್ದೆಷ್ಟು, ಎರಡು ಆಯ್ಕೆಯಲ್ಲಿ ಕಿತ್ತದ್ದೆಷ್ಟು. ಒಂದು ಮರದ ಸಸಿಗಳಲ್ಲಿ ಪ್ರತಿ ವರ್ಷವೂ ಬೆರಕೆ ಹೆಚ್ಚು ಬರುತ್ತಿದ್ದರೆ ಮುಂದಿನ ಹಂಗಾಮಿಗೆ ಬೇರೆ ಮರದ ಬೀಜ ತನ್ನಿ.